ಹಬ್ಬಾನೂ ಹೊರಗಿಂದ ಬಂದಿದ್ದೇ: ಭಾಷೆಗಳು ಪದ ತಗೊಳ್ಳೋದು ಹೇಗೆ?

ಓದುಗರ ಪ್ರಶ್ನೆ: ನನ್ನ ಮಗಳು 'ಹೋಂವರ್ಕ್ ಕಂಪ್ಲೀಟ್ ಮಾಡ್ದೆ' ಅಂತಾಳೆ, ತಿದ್ದೋಕೆ ಹೋದ್ರೆ ನನ್ನ ಬಾಯಲ್ಲೂ ಅಂಥದ್ದೇ ಬರುತ್ತೆ. ಒಂದು ಭಾಷೆ ಇನ್ನೊಂದರಿಂದ ಪದ ತಗೊಳ್ಳೋದು ನಿಜವಾಗ್ಲೂ ಹೇಗೆ ನಡೆಯುತ್ತೆ, ಅದಕ್ಕೊಂದು ನಿಯಮ ಅಂತ ಇದ್ಯಾ? ಹೀಗೇ ತಗೊಳ್ತಾ ಹೋದ್ರೆ ಭಾಷೆ ಕೆಡುತ್ತಾ? ಹೊಸ ಕನ್ನಡ ಪದ ಕಟ್ಟೋದ್ರಿಂದ ಏನಾದ್ರೂ ಉಪಯೋಗ ಇದ್ಯಾ?

ಉತ್ತರ: ಮೊದ್ಲು ನಿಮ್ಮ ಮಗಳ ವಾಕ್ಯಾನೇ ತಗೊಳ್ಳೋಣ, ಯಾಕಂದ್ರೆ ನೀವು ಕೇಳಿರೋದಕ್ಕೆ ಅರ್ಧ ಉತ್ತರ ಅದ್ರಲ್ಲೇ ಇದೆ. ಮೂರು ಪದ, ಅದ್ರಲ್ಲಿ ಎರಡು ಇಂಗ್ಲಿಷು. ಆದ್ರೆ ಕೆಲಸ ಯಾವಾಗ ಆಯ್ತು, ಯಾರು ಮಾಡಿದ್ದು ಅನ್ನೋದನ್ನ ಹೇಳ್ತಿರೋದು ಕೊನೇಲಿರೋ 'ಮಾಡ್ದೆ'. ಅದ್ರೊಳಗಿನ 'ದ್' ಆಗಿಹೋಗಿದ್ದನ್ನ ಹೇಳುತ್ತೆ, 'ಎ' ಅಂದ್ರೆ 'ನಾನು'. ಕರ್ಮ ಮೊದ್ಲು ಕ್ರಿಯೆ ಕೊನೇಗೆ ಅನ್ನೋ ಕ್ರಮಾನೂ ಕನ್ನಡದ್ದೇ. ಇನ್ನೂ ಒಂದು ನೋಡಿ, ಇಂಗ್ಲಿಷ್‌ನಲ್ಲಿ 'ಕಂಪ್ಲೀಟ್' ಅನ್ನೋದು ತಾನೇ ಒಂದು ಕ್ರಿಯಾಪದ, ಕನ್ನಡಕ್ಕೆ ಬಂದ ತಕ್ಷಣ ಆ ಹಕ್ಕು ಹೋಯ್ತು, ಇಲ್ಲಿ ಅದು 'ಮಾಡು' ಪಕ್ಕದಲ್ಲೇ ನಿಲ್ಬೇಕು, ಕಾಲ ಲಿಂಗ ವಚನ ಏನಿದ್ರೂ 'ಮಾಡು'ಗೇ ಸೇರ್ಬೇಕು. ಇದು ನಮ್ಮ ಮಕ್ಕಳ ಸೋಮಾರಿತನ ಅಂತ ತುಂಬಾ ಜನ ಬೈತಾರೆ, ಆದ್ರೆ ಎಷ್ಟೋ ಭಾಷೆಗಳು ಮಾಡೋದು ಇದನ್ನೇ: ಜಪಾನಿ ಭಾಷೆಯವ್ರು ಹೊರಗಿನ ಪದಕ್ಕೆ 'ಸುರು' ಹಚ್ತಾರೆ, ಟರ್ಕಿಯವ್ರು 'ಎತ್ಮೆಕ್', ಪರ್ಷಿಯನ್‌ನವ್ರು 'ಕರ್ದನ್', ಹಿಂದಿಯವ್ರು 'ಕರ್‌ನಾ', ಎಲ್ಲಾದಕ್ಕೂ ಅರ್ಥ 'ಮಾಡು' ಅಂತಾನೇ. ಕನ್ನಡದ ಹತ್ರ ಇದಕ್ಕಿಂತ ಹಳೇದಾದ ಇನ್ನೊಂದು ದಾರೀನೂ ಇದೆ, ಅದು 'ಇಸು'. ಸಂಸ್ಕೃತದಿಂದ ಬಂದದ್ದಕ್ಕೆ ಹಚ್ಚಿ ಯೋಚಿಸು, ಪ್ರಾರ್ಥಿಸು ಮಾಡ್ಕೊಂಡ್ವಿ, ಪರ್ಷಿಯನ್ ಅರೇಬಿಕ್ ಪದ ಬಂದಾಗ ಅದನ್ನೇ ಹಚ್ಚಿ ರವಾನಿಸು, ಜಮಾಯಿಸು, ಬದಲಾಯಿಸು ಮಾಡ್ಕೊಂಡ್ವಿ.

ಕ್ರಿಯಾಪದಕ್ಕೇ ಯಾಕೆ ಇಷ್ಟು ತೊಂದರೆ ಅಂದ್ರೆ, ನಾಮಪದ ಒಂದು ವಸ್ತುವಿನ ಹೆಸರು, ವಸ್ತು ಬಂದ ದಿನಾನೇ ಹೆಸರೂ ಬರುತ್ತೆ. ಕ್ರಿಯಾಪದದ ಜೊತೆಗೆ ಆ ಭಾಷೆಯ ವ್ಯಾಕರಣ ಅಂಟ್ಕೊಂಡಿರುತ್ತೆ, ಅದನ್ನ ಬಿಡಿಸದೆ ಒಳಗೆ ತರೋಕಾಗಲ್ಲ. ಇದನ್ನ ಅಳೆದೂ ನೋಡಿದ್ದಾರೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿರೋ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಒಂದು ಪ್ರಾಜೆಕ್ಟಿನಲ್ಲಿ 41 ಭಾಷೆಗಳನ್ನ ತಗೊಂಡು, ಪ್ರತಿಯೊಂದರಲ್ಲೂ 1460 ಅರ್ಥಗಳಿಗೆ ಯಾವ ಪದ ಇದೆ, ಅದು ಎಲ್ಲಿಂದ ಬಂತು ಅಂತ ಒಂದೊಂದಾಗಿ ಹುಡುಕಿ 2009ರಲ್ಲಿ ಪ್ರಕಟ ಮಾಡಿದ್ರು. ಸರಾಸರಿ ತಗೊಂಡ್ರೆ ನೂರಕ್ಕೆ ಸುಮಾರು 24 ಪದ ಹೊರಗಿನವು. ನಾಮಪದಗಳಲ್ಲಿ ಅದು ಸುಮಾರು 31, ಕ್ರಿಯಾಪದಗಳಲ್ಲಿ ಬರೀ 14. ಧರ್ಮ, ಬಟ್ಟೆಬರೆ, ಮನೆ ಇಂಥ ಕ್ಷೇತ್ರಗಳಲ್ಲಿ ಹೊರಗಿನ ಪದ ಅತಿ ಹೆಚ್ಚು, ದೇಹದ ಭಾಗಗಳು, ನೋಡೋದು ಕೇಳೋದು ಇಂಥ ಕಡೆ ಅತಿ ಕಡಿಮೆ. ಇಂಗ್ಲಿಷ್‌ನದ್ದು ಸುಮಾರು 41 ಬಂತು, ಮ್ಯಾಂಡರಿನ್ ಚೀನೀ ಭಾಷೆಯದ್ದು 1ರ ಹತ್ರ, ಸ್ಲೊವಾಕಿಯಾದಲ್ಲಿ ರೋಮಾ ಜನ ಆಡೋ ಒಂದು ರೋಮಾನಿ ಉಪಭಾಷೆಯದ್ದು 60ಕ್ಕೂ ಮೇಲೆ. ಅಂದ್ರೆ ಜಗತ್ತನ್ನೇ ಆಳ್ತಿದೆ ಅಂತ ನಾವು ಹೆದರೋ ಇಂಗ್ಲಿಷು ಪದಗಳ ವಿಷಯಕ್ಕೆ ಬಂದ್ರೆ ದೊಡ್ಡ ಸಾಲಗಾರ.

ಆದ್ರೆ ಇಲ್ಲೊಂದು ವ್ಯತ್ಯಾಸ ಗಮನಿಸ್ಬೇಕು. ಎರಡು ಭಾಷೆ ಗೊತ್ತಿರೋರು ಮಾತಾಡ್ತಾ ಮಾತಾಡ್ತಾ ಇದ್ರಿಂದ ಅದಕ್ಕೆ ಹಾರೋದು ಬೇರೆ, ಪದ ಒಳಗೆ ಬಂದು ನೆಲೆಯೂರೋದು ಬೇರೆ. ಮೂಲ ಭಾಷೆಯ ಒಂದಕ್ಷರಾನೂ ಬರದೇ ಇರೋರು ಆ ಪದ ಬಳಸ್ತಿದಾರೆ ಅಂದ್ರೆ ಅದು ಬಂದಾಯ್ತು ಅಂತ ಲೆಕ್ಕ. ಇಂಗ್ಲಿಷ್ ಗೊತ್ತಿಲ್ಲದ ಅಜ್ಜೀನೂ ಬಸ್ಸು, ಫೋನು, ಡಾಕ್ಟರು ಅಂತಾರೆ, ಹಾಗಾಗಿ ಅವು ಕನ್ನಡ ಪದಗಳೇ. 'ಕಂಪ್ಲೀಟ್' ಇನ್ನೂ ಹೊಸ್ತಿಲ ಮೇಲಿದೆ ಅನ್ಬಹುದು.

ಒಳಗೆ ಬರುವಾಗ ಮೊದಲು ಬದಲಾಗೋದು ಶಬ್ದ. ಹವಾಯಿ ಭಾಷೇಲಿ ಇರೋದೇ ಎಂಟು ವ್ಯಂಜನ, 'ರ' ಇಲ್ಲ, 'ಸ' ಇಲ್ಲ, ಒತ್ತಕ್ಷರ ಇಲ್ಲ, ಪ್ರತಿ ಉಚ್ಚಾರಾನೂ ಸ್ವರದಲ್ಲೇ ಮುಗೀಬೇಕು, ಅಲ್ಲಿಗೆ 'ಮೆರಿ ಕ್ರಿಸ್‌ಮಸ್' ಹೋಗಿ 'ಮೆಲೆ ಕಲಿಕಿಮಾಕ' ಆಯ್ತು. ಕೇಳೋರಿಗೆ ವಿಚಿತ್ರ ಅನ್ಸಬಹುದು, ಆದ್ರೆ ಒಂದೊಂದು ಅಕ್ಷರವೂ ಲೆಕ್ಕಾಚಾರವಾಗೇ ಬದಲಾಗಿದೆ. ಜಪಾನಿಯಲ್ಲಂತೂ 'ಸ್ಟ್ರೈಕ್' ಅನ್ನೋದು ಎರಡು ಸಲ ಬಂದಿದೆ, ಬೇಸ್‌ಬಾಲ್ ಆಟದ್ದು 'ಸುತೊರೈಕು', ಕಾರ್ಮಿಕರ ಮುಷ್ಕರದ್ದು 'ಸುತೊರೈಕಿ', ಮೂಲ ಒಂದೇ, ಈಗ ಅವು ಎರಡು ಬೇರೆ ಪದ. ಕನ್ನಡದ ಕೆಲ್ಸಾನೂ ಹೀಗೇ: ವ್ಯಂಜನದಲ್ಲಿ ಮುಗಿಯೋ ಪದ ನಮ್ಮ ನಾಲಗೆಗೆ ಒಗ್ಗಲ್ಲ, ಅದಕ್ಕೆ ಕೊನೇಲೊಂದು 'ಉ' ಸೇರಿಸಿ ಕಾರು, ರೈಲು, ಬ್ಯಾಂಕು. 'ಹಾಸ್ಪಿಟಲ್' ಆಸ್ಪತ್ರೆ ಆಯ್ತು, 'ಲ್ಯಾಂಟರ್ನ್' ಲಾಂದ್ರ ಆಯ್ತು. ಪದಗಳು ತುಂಬಾ ಬಂದ್ರೆ ಅದರ ಜೊತೆ ಹೊಸ ಶಬ್ದಾನೂ ಬರುತ್ತೆ, ಹಳೇ ಇಂಗ್ಲಿಷ್‌ನಲ್ಲಿ 'ವ' ಅನ್ನೋದು 'ಫ'ದ ಇನ್ನೊಂದು ರೂಪ ಅಷ್ಟೇ ಆಗಿತ್ತು, ಫ್ರೆಂಚ್ ಪದಗಳು ಬಂದ್ಮೇಲೆ ಸ್ವತಂತ್ರವಾಗಿ ನಿಂತ್ಕೊಳ್ತು. ಆಫ್ರಿಕಾದ ಖೋಸಾ, ಜುಲು ಭಾಷೆಗಳಲ್ಲಿ ನಾಲಗೆಯಿಂದ ಲೊಚಗುಡೋ ಥರದ ಶಬ್ದಗಳಿವೆಯಲ್ಲ, ಅವು ಪಕ್ಕದ ಖೋಯಿಸಾನ್ ಭಾಷೆಗಳಿಂದ ಬಂದವು. ನಮ್ಮ ಖ, ಘ, ಛ, ಭಗಳೂ ಸಂಸ್ಕೃತ ಪ್ರಾಕೃತ ಪದಗಳ ಬೆನ್ನಿಗೇ ಬಂದಿದ್ದು.

ಈಗ ನನಗೆ ತುಂಬಾ ಇಷ್ಟವಾದ ಒಂದು ಪದ, 'ಹಬ್ಬ'. ಇದಕ್ಕಿಂತ ಕನ್ನಡ ಅನ್ಸೋ ಪದ ಸಿಗೋದು ಕಷ್ಟ. ಆದ್ರೆ ಇದು ಸಂಸ್ಕೃತದ 'ಪರ್ವ'. ಪ್ರಾಕೃತದಲ್ಲಿ 'ರ್ವ' ಒತ್ತಾಗಿ 'ಪವ್ವ' ಅಂತಾಯ್ತು, ಕನ್ನಡದಲ್ಲಿ 'ವ' ಹೋಗಿ 'ಬ' ಬಂದು 'ಪಬ್ಬ' ಆಯ್ತು ('ವರ್ಣ' ಬಣ್ಣ ಆಗಿದ್ದು, 'ವಿದ್ಯೆ' ಬಿಜ್ಜೆ ಆಗಿದ್ದು ಇದೇ ದಾರೀಲಿ). ಆಮೇಲೆ ಸುಮಾರು 10ನೇ ಶತಮಾನದಿಂದ ಈಚೆಗೆ ಕನ್ನಡದಲ್ಲೊಂದು ದೊಡ್ಡ ಬದಲಾವಣೆ ಶುರುವಾಯ್ತು, ಪದದ ಮೊದಲಿನ 'ಪ' ಎಲ್ಲಾ 'ಹ' ಆಗ್ತಾ ಹೋಯ್ತು, ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಪೂ ಹೂವಾಯ್ತು. ಆ ಹೊತ್ತಿಗೆ 'ಪಬ್ಬ' ಎಷ್ಟು ಮನೆಯದಾಗಿತ್ತು ಅಂದ್ರೆ ಅಚ್ಚಗನ್ನಡ ಪದಗಳ ಜೊತೆ ಅದೂ ಬದಲಾಗಿ 'ಹಬ್ಬ' ಆಗ್ಬಿಡ್ತು. ಆಮೇಲೆ ಪೋರ್ಚುಗೀಸರ ಜೊತೆ ಬಂದ ಪಾದ್ರಿ, ಪಗಾರ ಮಾತ್ರ 'ಪ'ದಲ್ಲೇ ಉಳಿದ್ವು, ಯಾಕಂದ್ರೆ ಅವು ಬರೋ ಹೊತ್ತಿಗೆ ಆ ಬದಲಾವಣೆ ಮುಗಿದುಹೋಗಿತ್ತು. ಅಂದ್ರೆ ಪದದ ಮೊದಲ ಅಕ್ಷರ ನೋಡಿದ್ರೇ ಅದು ಯಾವ ಕಾಲದಲ್ಲಿ ಬಂತು ಅಂತ ಅಂದಾಜು ಹೇಳಬಹುದು! ಎಷ್ಟೋ ಸಲ ಒಂದೇ ಪದ ಎರಡು ಕಾಲದಲ್ಲಿ ಎರಡು ಸಲ ಬರುತ್ತೆ. 'ಹೊತ್ತಗೆ'ನೂ 'ಪುಸ್ತಕ'ವೂ ಮೂಲದಲ್ಲಿ ಒಂದೇ, ಮೊದಲನೇದು ಹಳೇ ದಾರೀಲಿ ಸವೆದು ಬಂದಿದ್ದು, ಎರಡನೇದು ಪಂಡಿತರು ಇದ್ದಂಗೇ ಎತ್ಕೊಂಡಿದ್ದು. ಇಂಗ್ಲಿಷ್‌ನ 'ಚೀಫ್' ಮತ್ತು 'ಶೆಫ್' ಕಥೆಯೂ ಇದೇ, ಎರಡೂ ಫ್ರೆಂಚಿನ ಒಂದೇ ಪದ, ಫ್ರೆಂಚರು 'ಚ' ಅಂತಿದ್ದ ಕಾಲದಲ್ಲಿ ಬಂದಿದ್ದು ಚೀಫ್, ಅವರ 'ಚ' ಮೆತ್ತಗಾಗಿ 'ಶ' ಆದ ಎಷ್ಟೋ ಕಾಲದ ಮೇಲೆ ಬಂದಿದ್ದು ಶೆಫ್.

ಈ ಬದಲಾವಣೆಗಳಿಗೆ ನಿಯಮ ಇದೆ ಅಂತ ನಾವು ಈಗ ಕಂಡ್ಹಿಡಿದಿದ್ದಲ್ಲ. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣ ಅಂತ ಒಂದು ಭಾಗಾನೇ ಇದಕ್ಕೆ ಇಟ್ಟಿದ್ದಾನೆ, ಸಂಸ್ಕೃತದ ಯಾವ ಅಕ್ಷರ ಕನ್ನಡಕ್ಕೆ ಬಂದಾಗ ಏನಾಗುತ್ತೆ ಅಂತ ಕೂತು ಬರೆದಿದ್ದಾನೆ. ಆಕಾಶ ಆಗಸ ಆಗೋದು, ಶ್ರೀ ಸಿರಿ ಆಗೋದು, ಯುಗ ಜುಗ ಆಗೋದು ಇವೆಲ್ಲ ಬಾಯಿಗೆ ಬಂದಂಗೆ ಆಗಿದ್ದಲ್ಲ ಅಂತ ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅವನ ಬಗ್ಗೆ ನನಗೆ ಬಹಳ ಗೌರವ.

ಶಬ್ದ ಆದ್ಮೇಲೆ ವ್ಯಾಕರಣ. ಅರೇಬಿಕ್‌ನ 'ಕಿತಾಬ್' ಸ್ವಾಹಿಲಿಗೆ ಹೋಗಿ 'ಕಿತಾಬು' ಆಯ್ತು. ಸ್ವಾಹಿಲೀಲಿ 'ಕಿ' ಅನ್ನೋದು ಏಕವಚನ ತೋರಿಸೋ ಒಂದು ಪ್ರತ್ಯಯ, ಅದ್ರ ಬಹುವಚನ 'ವಿ'. ಹಾಗಾಗಿ ಅವ್ರು ಕಿತಾಬನ್ನ ಮಧ್ಯಕ್ಕೆ ಸೀಳಿ, ಪುಸ್ತಕಗಳು ಅನ್ನೋಕೆ 'ವಿತಾಬು' ಅಂದ್ರು. ಇಂಗ್ಲಿಷ್‌ನ 'ಕೀಪ್ ಲೆಫ್ಟ್' ಬೋರ್ಡು ನೋಡಿ ರಸ್ತೆಯ ವೃತ್ತಕ್ಕೆ 'ಕಿಪಿಲೆಫ್ತಿ' ಅಂತ ಹೆಸರಿಟ್ರು, ಅದಕ್ಕೂ ಬಹುವಚನ 'ವಿಪಿಲೆಫ್ತಿ'. ಇದು ದೂರದ ಕಥೆ ಅನ್ಕೋಬೇಡಿ, ನಾವು 'ಡಾಕ್ಟರು ಬಂದ್ರು' ಅಂತೀವಲ್ಲ, ಆ 'ರು' ಇಂಗ್ಲಿಷ್ ಪದದ ಕೊನೇ ಅಕ್ಷರ, ಆದ್ರೆ ನಮ್ಮ ಕಿವಿಗೆ ಅದು ರಾಯರು ದೇವರು ಅನ್ನೋದ್ರಲ್ಲಿ ಬರೋ ಮರ್ಯಾದೆಯ 'ರು' ಥರಾನೇ ಕೇಳುತ್ತೆ, ಮೇಷ್ಟ್ರು, ಕಲೆಕ್ಟರು ಎಲ್ಲಾ ಅದಕ್ಕೇ ಅಷ್ಟು ಸಲೀಸಾಗಿ ಕೂತಿರೋದು. 'ಒಬ್ರು ಲೇಡೀಸು' ಅಂದ್ರೆ ನಗೋರು ಇದಾರೆ, ನಗೋ ವಿಷಯ ಅಲ್ಲ ಅದು, ಆ 'ಸ್' ಇಂಗ್ಲಿಷ್‌ನ ಬಹುವಚನ ಅಂತ ಕನ್ನಡ ಯಾಕೆ ತಿಳ್ಕೋಬೇಕು? ರಷ್ಯನ್ನರು ಚಿಪ್ಸ್‌ಗೆ ಇನ್ನೊಂದು ಬಹುವಚನ ಹಚ್ಚಿ 'ಚಿಪ್ಸಿ' ಅಂತಾರೆ. ಸ್ಪೇನಿನವ್ರು ಅರೇಬಿಕ್ ಪದಗಳನ್ನ ತಗೊಳ್ಳುವಾಗ ಮುಂದಿರೋ 'ಅಲ್' ಬೇರೆ ಪದ ಅಂತ ಗೊತ್ತಾಗದೆ ಅದನ್ನೂ ಸೇರಿಸ್ಕೊಂಡ್ರು, ಆಲ್ಜೀಬ್ರಾ, ಆಲ್ಕೋಹಾಲ್ ಅಂತ ನಮ್ಮವರೆಗೂ ಬಂದ ಪದಗಳಲ್ಲಿ ಆ 'ಅಲ್' ಈಗಲೂ ಕೂತಿದೆ.

ಅರ್ಥದ ವಿಷಯಕ್ಕೆ ಬಂದ್ರೆ ಮೂಲ ಭಾಷೆಗೆ ಯಾವ ಹಿಡಿತಾನೂ ಇರಲ್ಲ. ಸಂಸ್ಕೃತದ 'ಅವಸರ' ಒಂದೇ ಪದ, ಹಿಂದೀಲಿ ಅದು ಅವಕಾಶ, ತೆಲುಗಲ್ಲಿ ಅಗತ್ಯ, ಕನ್ನಡದಲ್ಲಿ ಗಡಿಬಿಡಿ. 'ಉಪನ್ಯಾಸ' ನಮಗೆ ಭಾಷಣ, ಹಿಂದಿಯವ್ರಿಗೆ ಕಾದಂಬರಿ. 'ರೈತ' ಅರೇಬಿಕ್‌ನ 'ರಇಯ್ಯತ್', ಅಲ್ಲಿ ಅದಕ್ಕೆ ಮೇಯಿಸೋ ಮಂದೆ, ಆಳಿಸಿಕೊಳ್ಳೋ ಪ್ರಜೆ ಅಂತ ಅರ್ಥ, ಆಡಳಿತದ ಕಾಗದಗಳ ಮೂಲಕ ಬಂದು ಇಲ್ಲಿ ಉಳುಮೆ ಮಾಡೋನು ಅಂತಾಯ್ತು, ಇವತ್ತು ಆ ಪದದಲ್ಲಿ ಎಷ್ಟು ಹೆಮ್ಮೆ ಇದೆ ನೋಡಿ, ಮೂಲದ ಕೀಳರಿಮೆ ಒಂಚೂರೂ ಉಳಿದಿಲ್ಲ. 'ಜಿಲ್ಲೆ' ಅರೇಬಿಕ್‌ನಲ್ಲಿ ಪಕ್ಕೆಲುಬು, ಅದ್ರಿಂದ ಒಂದು ಬದಿ, ಅದ್ರಿಂದ ನಾಡಿನ ಒಂದು ಭಾಗ. ಜರ್ಮನ್ನರು ಮೊಬೈಲಿಗೆ 'ಹ್ಯಾಂಡಿ' ಅಂತಾರೆ, ಇಂಗ್ಲಿಷರಿಗೆ ಆ ಅರ್ಥ ಗೊತ್ತೇ ಇಲ್ಲ. ಹಾಗಾಗಿ 'ಮೂಲದಲ್ಲಿ ಇದಕ್ಕೆ ಬೇರೆ ಅರ್ಥ, ನೀವು ತಪ್ಪಾಗಿ ಬಳಸ್ತಿದೀರಿ' ಅಂತ ಯಾರಾದ್ರೂ ಹೇಳಿದ್ರೆ ತಲೆ ಕೆಡಿಸ್ಕೋಬೇಡಿ.

ಯಾರಿಂದ ಯಾರು ತಗೊಳ್ತಾರೆ ಅನ್ನೋದನ್ನ ಬಹುಮಟ್ಟಿಗೆ ಅಧಿಕಾರ ನಿರ್ಧಾರ ಮಾಡುತ್ತೆ, ಇದನ್ನ ಮುಚ್ಚಿಡೋದು ಬೇಡ. 1066ರಲ್ಲಿ ಫ್ರೆಂಚ್ ಮಾತಾಡೋ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಕಾನೂನು ಫ್ರೆಂಚಿನ ಕೈಗೆ ಹೋಯ್ತು, ಕೋರ್ಟ್, ಜಡ್ಜ್, ಜ್ಯೂರಿ, ಕ್ರೈಂ, ಪ್ರಿಸನ್ ಎಲ್ಲಾ ಹಾಗೆ ಬಂದವು. ನಮ್ಮಲ್ಲಿ ಆಡಳಿತ ಪರ್ಷಿಯನ್‌ನಲ್ಲಿ ನಡೆದ ಕಾಲದಿಂದ ವಕೀಲ, ಅರ್ಜಿ, ಜಾಮೀನು, ಫಿರ್ಯಾದು, ತಕರಾರು, ಸರ್ಕಾರ ಬಂದವು. ಎರಡು ಕಡೇನೂ ಸಿಕ್ಕಿಬಿದ್ದ ಕ್ಷೇತ್ರ ಒಂದೇ! ಆದ್ರೆ ಆಳೋರು ಆಳಿಸ್ಕೊಳ್ಳೋರು ಅನ್ನೋದಕ್ಕಿಂತ ಅಕ್ಕಪಕ್ಕ ಬಾಳೋ ಸಂಬಂಧ ಇನ್ನೂ ಆಳಕ್ಕೆ ಇಳಿಯುತ್ತೆ. ಇಂಗ್ಲೆಂಡಿನಲ್ಲಿ ನಾರ್ಸ್ ಭಾಷೆಯ ವೈಕಿಂಗರು ಹಳ್ಳಿಗಳಲ್ಲಿ ಬೆರೆತು ಮದುವೆ ಮಾಡ್ಕೊಂಡು ಬಾಳಿದ್ರು, ಅವರಿಂದ ಸ್ಕೈ, ಎಗ್, ಟೇಕ್ ಅಷ್ಟೇ ಅಲ್ಲ, 'ದೇ' 'ದೆಮ್' ಅನ್ನೋ ಸರ್ವನಾಮಗಳೂ ಬಂದವು. ಸರ್ವನಾಮ ತಗೊಳ್ಳೋದು ಅಂದ್ರೆ ಸಣ್ಣ ವಿಷಯ ಅಲ್ಲ.

ನೀರು ಯಾವಾಗ್ಲೂ ಮೇಲಿಂದ ಕೆಳಗೇ ಹರಿಯುತ್ತೆ ಅಂತಾನೂ ಇಲ್ಲ. ಸಂಸ್ಕೃತದ 'ಮೀನ', 'ನೀರ' ದ್ರಾವಿಡ ಭಾಷೆಗಳಿಂದ ಹೋದವು ಅಂತ ಭಾಷಾ ವಿದ್ವಾಂಸರು ಬಹುಮಟ್ಟಿಗೆ ಒಪ್ತಾರೆ. 'ಆರೆಂಜ್' ಪ್ರಯಾಣ ಅಂತೂ ಕೇಳೋಕೇ ಚೆಂದ. ಅದರ ಬೇರು ದ್ರಾವಿಡ ಇರ್ಬೇಕು ಅಂತ ಅನೇಕರ ಅಭಿಪ್ರಾಯ, ಅಲ್ಲಿಂದ ಸಂಸ್ಕೃತದ 'ನಾರಂಗ', ಪರ್ಷಿಯನ್‌ನ 'ನಾರಂಗ್', ಅರೇಬಿಕ್‌ನ 'ನಾರಂಜ್', ಸ್ಪೇನಿನ 'ನರಾಂಹ', ಫ್ರಾನ್ಸ್ ಕಡೆ ಬರೋ ಹೊತ್ತಿಗೆ ಮೊದಲಿನ 'ನ' ಕಳಚಿ ಬಿತ್ತು, ಇಂಗ್ಲಿಷ್‌ನಲ್ಲಿ ಆರೆಂಜ್ ಆಯ್ತು, ಈಗ ನಾವು 'ಆರೆಂಜ್ ಕಲರ್' ಅಂತ ಅದನ್ನೇ ವಾಪಸ್ ತಗೊಂಡಿದೀವಿ.

ಇನ್ನೊಂದು ಥರ ಇದೆ, ಅದು ಕಣ್ಣಿಗೇ ಬೀಳಲ್ಲ: ಪದ ಬಿಟ್ಟು ಬರೀ ಕಲ್ಪನೆಯನ್ನ ತಗೊಳ್ಳೋದು. ಇಂಗ್ಲಿಷ್‌ನ 'ಸ್ಕೈಸ್ಕ್ರೇಪರ್' ನೋಡಿ ಫ್ರೆಂಚರು, ಜರ್ಮನ್ನರು ತಮ್ಮ ತಮ್ಮ ಭಾಷೇಲಿ ಆಕಾಶ ಕೆರೆಯೋದು, ಮೋಡ ಕೆರೆಯೋದು ಅಂತ ಕಟ್ಕೊಂಡ್ರು, ನಾವು ಗಗನಚುಂಬಿ ಅಂದ್ವಿ. ಶೀತಲ ಸಮರ, ಕಪ್ಪುಪಟ್ಟಿ, ದೂರದರ್ಶನ ಎಲ್ಲಾ ಇದೇ ಜಾತಿ. ದೂರದರ್ಶನ ಅನ್ನೋದನ್ನ ಅಚ್ಚಗನ್ನಡ ಅಂತ ಹೇಳೋರು ಸ್ವಲ್ಪ ಯೋಚಿಸ್ಬೇಕು, ಕಲ್ಪನೆ ಇಂಗ್ಲಿಷ್‌ನದ್ದು, ಸಾಮಗ್ರಿ ಸಂಸ್ಕೃತದ್ದು, 'ದೂರದರ್ಶನದಲ್ಲಿ' ಅಂದಾಗ ಬರೋ 'ಅಲ್ಲಿ' ಮಾತ್ರ ನಮ್ಮದು.

ಹಾಗಾದ್ರೆ ಭಾಷೆ ಕೆಡುತ್ತಾ? ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ ನೋಡಿ, ಕನ್ನಡದ ಅತಿ ಹಳೇ ಬರಹಗಳಲ್ಲೊಂದು, ಅದ್ರಲ್ಲೇ ಸಂಸ್ಕೃತ ಪದಗಳು ತುಂಬಿವೆ. ಹೊರಗಿನ ಪದ ಇಲ್ಲದ ಕನ್ನಡದ ಬರಹ ಅಂತ ಒಂದು ಕಾಲ ನಮಗೆ ಸಿಗೋದೇ ಇಲ್ಲ. 13ನೇ ಶತಮಾನದ ಆಂಡಯ್ಯ ಸಂಸ್ಕೃತ ಬೆರೆಸದೆ ಕಾವ್ಯ ಬರೀತೀನಿ ಅಂತ ಹಟ ಹಿಡಿದು 'ಕಬ್ಬಿಗರ ಕಾವ' ಬರೆದ, ನಿಜಕ್ಕೂ ದೊಡ್ಡ ಸಾಧನೆ, ಆದ್ರೆ ಅವನು ಬಿಟ್ಟಿದ್ದು ಇದ್ದಂಗೇ ಬಂದ ತತ್ಸಮಗಳನ್ನ, ಕನ್ನಡದ ಬಾಯಲ್ಲಿ ಪಳಗಿದ ತದ್ಭವಗಳನ್ನ ಖುಷಿಯಾಗಿ ಇಟ್ಕೊಂಡ. ನಾನು ಒಪ್ಪೋ ಗೆರೇನೂ ಅದೇ. ಪದ ಎಲ್ಲಿಂದ ಬಂತು ಅನ್ನೋದು ಮುಖ್ಯ ಅಲ್ಲ, ಬಂದ್ಮೇಲೆ ನಮ್ಮ ವ್ಯಾಕರಣ, ನಮ್ಮ ಶಬ್ದ ಅದನ್ನ ಹಿಡಿತಕ್ಕೆ ತಗೊಳ್ತಾ ಅನ್ನೋದನ್ನ ನೋಡ್ಬೇಕು.

ಆದ್ರೆ ನನಗೆ ನಿಜಕ್ಕೂ ಆತಂಕ ಆಗೋ ಎರಡು ವಿಷಯ ಇವೆ. ಒಂದು, ಬಂದ ಪದ ನಮ್ಮಲ್ಲಿದ್ದ ಒಂದು ಭೇದವನ್ನೇ ಅಳಿಸಿಹಾಕೋದು. 'ಅಂಕಲ್' ಬಂದು ದೊಡ್ಡಪ್ಪ, ಚಿಕ್ಕಪ್ಪ, ಮಾವ ಮೂರನ್ನೂ ಒಂದೇ ಮಾಡ್ತು. 'ಕಸಿನ್' ಅಂತೂ ಇನ್ನೂ ಜಾಸ್ತಿ ಹಾಳು ಮಾಡ್ತಿದೆ, ಚಿಕ್ಕಪ್ಪನ ಮಗ ತಮ್ಮ, ಸೋದರಮಾವನ ಮಗ ತಮ್ಮ ಅಲ್ಲ ಅನ್ನೋ ಲೆಕ್ಕ ದ್ರಾವಿಡ ಭಾಷೆಗಳ ಸಂಬಂಧವಾಚಕಗಳ ಬೆನ್ನೆಲುಬು, ಅದು ಒಂದೇ ಪದದ ಕೆಳಗೆ ಮುಚ್ಚಿಹೋಗ್ತಿದೆ. ಇಂಗ್ಲಿಷಿಗೂ ಹೀಗೇ ಆಗಿದೆ, ಅಂಕಲ್, ಆಂಟ್, ನೆಫ್ಯೂ, ನೀಸ್, ಕಸಿನ್ ಎಲ್ಲಾ ಫ್ರೆಂಚಿಂದ ಬಂದವು, ಹಳೇ ಇಂಗ್ಲಿಷ್‌ನಲ್ಲಿ ತಂದೆಯ ಸೋದರನಿಗೆ, ತಾಯಿಯ ಸೋದರನಿಗೆ ಬೇರೆ ಬೇರೆ ಪದ ಇದ್ವು, ಈಗ ಅವು ಇಲ್ಲ. ಮಗಳು 'ಕಂಪ್ಲೀಟ್' ಅಂದ್ರೆ ಬಿಟ್ಬಿಡಿ, 'ಕಸಿನ್' ಅಂದಾಗ ಮಾತ್ರ ಯಾರು, ಯಾವ ಕಡೆ ಅಂತ ಕೇಳಿ.

ಎರಡನೇದು ಇದಕ್ಕಿಂತ ದೊಡ್ಡದು. ಕೆಲವು ವಿಷಯಗಳನ್ನ ಮಾತಾಡೋಕೆ ಜನ ಇಡೀ ಭಾಷೆಯನ್ನೇ ಬಿಟ್ಟು ಇನ್ನೊಂದಕ್ಕೆ ಹೋಗೋದು. ಗಣಿತವನ್ನ ಕನ್ನಡದ ವಾಕ್ಯದಲ್ಲಿ ಇಂಗ್ಲಿಷ್ ಪದ ಹಾಕಿ ವಿವರಿಸ್ತಿದ್ರೆ ಕನ್ನಡ ಬದುಕಿದೆ. ಗಣಿತ ಅಂದ ಕೂಡ್ಲೇ ವಾಕ್ಯಾನೇ ಇಂಗ್ಲಿಷ್ ಆಗ್ಬಿಟ್ರೆ ಆ ಕ್ಷೇತ್ರ ಹೋಯ್ತು. ಭಾಷೆಗಳು ಸಾಯೋದು ಪದ ತಗೊಂಡು ಅಲ್ಲ, ತಂದೆತಾಯಿ ಮಕ್ಕಳ ಜೊತೆ ಅದ್ರಲ್ಲಿ ಮಾತಾಡೋದು ನಿಲ್ಲಿಸಿದಾಗ. ನೂರಕ್ಕೆ ಅರವತ್ತು ಪದ ಹೊರಗಿಂದ ತಗೊಂಡ ಆ ರೋಮಾನಿ ಇವತ್ತೂ ರೋಮಾನಿಯಾಗೇ ಇದೆ.

ಕೊನೇದಾಗಿ ಹೊಸ ಪದ ಕಟ್ಟೋ ವಿಷಯ. ಉಪಯೋಗ ಖಂಡಿತ ಇದೆ, ಆದ್ರೆ ಕಟ್ಟೋ ರೀತಿ ಮುಖ್ಯ. ಐಸ್‌ಲ್ಯಾಂಡಿನವ್ರು ಫೋನಿಗೆ 'ಸೀಮಿ' ಅಂತಾರೆ, ಅದು ದಾರ ಅನ್ನೋ ಅರ್ಥದ ಮರೆತುಹೋಗಿದ್ದ ಹಳೇ ಪದ. ಕಂಪ್ಯೂಟರಿಗೆ 1965ರಲ್ಲಿ 'ತೋಲ್ವಾ' ಅಂತ ಕಟ್ಟಿದ್ರು, ಸಂಖ್ಯೆ ಅನ್ನೋ ಪದಾನೂ ಕಣಿ ಹೇಳೋಳು ಅನ್ನೋ ಪದಾನೂ ಬೆಸೆದು ಮಾಡಿದ ಎರಡೇ ಉಚ್ಚಾರದ ಪದ, ಇವತ್ತು ಎಲ್ಲರ ಬಾಯಲ್ಲಿದೆ. ಫ್ರೆಂಚರು 1955ರಲ್ಲೇ 'ಒರ್ದಿನಾತೇರ್' ಅಂತ ಪದ ಕೊಟ್ರು, ಕಂಪ್ಯೂಟರು ಜನರ ಕೈಗೆ ಬರೋ ಮೊದಲೇ ಅದಕ್ಕೆ ಹೆಸರಿತ್ತು. ಟರ್ಕಿಯಲ್ಲಿ 1932ರಲ್ಲಿ ಭಾಷಾ ಸಂಸ್ಥೆ ಕಟ್ಟಿ ಅರೇಬಿಕ್ ಪರ್ಷಿಯನ್ ಪದಗಳನ್ನ ಹೊರಹಾಕೋಕೆ ಹೊರಟ್ರು, ಹೊಸ ಪದಗಳು ಎಷ್ಟೋ ಗೆದ್ವು, ಆದ್ರೆ ಅದಕ್ಕೆ ತೆತ್ತ ಬೆಲೇನೂ ದೊಡ್ಡದು, ಟರ್ಕಿಯ ಮೊದಲ ಅಧ್ಯಕ್ಷ ಅತಾತುರ್ಕ್ 1927ರಲ್ಲಿ ಮಾಡಿದ ಭಾಷಣವನ್ನ ಮುಂದಿನ ತಲೆಮಾರಿಗೆ ಅರ್ಥ ಆಗೋ ಹಾಗೆ ಹೊಸ ಟರ್ಕಿಶ್‌ಗೆ ತಿರುಗಿಸಿ ಬರೀಬೇಕಾಯ್ತು. ಇದ್ದಿದ್ದನ್ನ ಕಿತ್ತು ಹಾಕೋ ದಾರಿ ನನಗೆ ಒಪ್ಪಿಗೆ ಇಲ್ಲ.

ಕನ್ನಡದಲ್ಲೂ ಗೆದ್ದ ಪದಗಳನ್ನ ನೋಡಿ. 'ವಿಮಾನ' ಪೂರ್ತಿ ಗೆದ್ದಿದೆ, ಕಾವ್ಯಗಳಲ್ಲಿ ದೇವತೆಗಳ ವಾಹನ ಆಗಿದ್ದ ಪದವನ್ನ ಎತ್ತಿ ಹೊಸ ಯಂತ್ರಕ್ಕೆ ಹಚ್ಚಿದ್ರು, ಐಸ್‌ಲ್ಯಾಂಡಿನ ಸೀಮಿ ಮಾಡಿದ ಕೆಲ್ಸಾನೇ ಇದು. ಟೈಪಿಂಗಿಗೆ 'ಬೆರಳಚ್ಚು' ಗೆದ್ದಿತು, ಟೆಲಿಗ್ರಾಮಿಗೆ 'ತಂತಿ' ಗೆದ್ದಿತ್ತು. 'ಗಣಕಯಂತ್ರ' ಪುಸ್ತಕದಲ್ಲೇ ಉಳೀತು, ಯಾಕಂದ್ರೆ ಅದು ಉದ್ದ, ಬಂದಿದ್ದು ತಡವಾಗಿ, 'ಕಂಪ್ಯೂಟರು' ಅಷ್ಟರಲ್ಲೇ ಬಾಯಿಗೆ ಹತ್ತಿತ್ತು. ಅದಕ್ಕೇ ನಾನು ಪದ ಕಟ್ಟೋರಿಗೆ ಯಾವಾಗ್ಲೂ ಹೇಳೋದು, ಮೊದ್ಲು ನಿಘಂಟಿನಲ್ಲಿ ಧೂಳು ಹಿಡಿದು ಕೂತಿರೋ ಚಿಕ್ಕ ಪದ ಯಾವುದಾದ್ರೂ ಇದ್ಯಾ ಹುಡುಕಿ, ಸಿಕ್ರೆ ವಸ್ತು ಮಾರ್ಕೆಟ್ಟಿಗೆ ಬರೋ ಹೊತ್ತಿಗೇ ಅದನ್ನ ಪೇಪರು, ಜಾಹೀರಾತು, ಪಠ್ಯಪುಸ್ತಕ ಎಲ್ಲಾ ಕಡೆ ಒಟ್ಟಿಗೆ ಬಿಡಿ, ಹತ್ತು ವರ್ಷ ಆದ್ಮೇಲೆ ಸಮಿತಿ ಕೂರಿಸಿ ಏಳು ಅಕ್ಷರದ ಸಮಾಸ ಕೊಟ್ರೆ ಅದನ್ನ ಯಾರೂ ಮಾತಲ್ಲಿ ಬಳಸಲ್ಲ.